ಒಸ್ನಿಯ ಬೀಸುಬಲೆ

ಇಡೀ ದಕ್ಷಿಣ ಬ್ರೆಜಿಲ್ಲಿನಲ್ಲಿ ನನ್ನಂಥ ಬಲೆಗಾರ ಹುಟ್ಟಿಲ್ಲ. ನಮ್ಮ ಹಳೆಯ ಲಗೂನಾ ಬಂದರಿಗೆ ಮೀನಿನ ಹಿಂಡನ್ನು ಅಟ್ಟಿಕೊಂಡು ಬರುವ ಡಾಲ್ಫಿನ್‌ಗಳೂ ಮೊದಲು ನನಗೇ ತಲೆಬಾಗುತ್ತವೆ. ನನ್ನ ಪಕ್ಕದಲ್ಲೇ ನಿಂತು ಬಲೆ ಬೀಸುತ್ತಿದ್ದ ಒಸ್ನಿ ತೀರಿಕೊಂಡ ಮೇಲೆ, ಅವನ ಹೆಂಡತಿ ಜುಲ್ಮಾಳ ಹೊಸ್ತಿಲಲ್ಲಿ ದಿನಾ ಬೆಳಿಗ್ಗೆ ಹಸಿಮೀನು ಇರತೊಡಗಿತು.

“ನೀನೇ ತಾನೇ ಇಡೋದು, ವಲ್ಮೋರ್?” ಎಂದು ಮೀನುಪೇಟೆಯಲ್ಲಿ ಎಲ್ಲರೆದುರು ಕೇಳಿದಳು.

“ಮತ್ಯಾರು?” ಎಂದು ಮೀಸೆ ತಿರುವಿದೆ. ಊರಿಗೆ ಊರೇ ಹೊಗಳಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಳು. ಅದೇ ಮೀನು ಬಡಿಸುತ್ತ ಗೋಡೆ ತೋರಿಸಿದಳು. “ಅವರ ಬಲೆ ತಗೊಂಡು ಹೋಗು, ಬೇಡ ಅನ್ನಲ್ಲ. ತಂದು ನೇತುಹಾಕೋವಾಗ ಸ್ವಲ್ಪ ಹಿಂಡು ಮಾರಾಯ, ನೆಲವೆಲ್ಲ ನೀರು.”

ಒಸ್ನಿ ಸತ್ತ ಮೇಲೆ ನಾನು ಆ ಮನೆಗೆ ಕಾಲಿಟ್ಟದ್ದೇ ಅಂದು. ಮೊಳೆಗೆ ತೂಗುಹಾಕಿದ ಬಲೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ.

“ಜುಲ್ಮಕ್ಕಾ, ನಾನು ಒಂದು ಮೀನನ್ನೂ ತಂದಿಲ್ಲ.”

“ಅಯ್ಯೋ, ನಿನ್ನ ಬಾಯಲ್ಲಿ ಇಷ್ಟು ವಿನಯ ಯಾವತ್ತಿಂದ?” ಎಂದು ನಕ್ಕು ಇನ್ನೊಂದು ತುಂಡು ಬಡಿಸಿದಳು.

ಅವಳ ಮುಖ ನೋಡಲಾಗದೆ ಎದ್ದು ಬಲೆ ಹಿಂಡಿದೆ. ಬಲೆಯೆಲ್ಲ ಮಂಜಿನಂತೆ ಕೊರೆಯುತ್ತಿತ್ತು. ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಹಗ್ಗದ ಕುಣಿಕೆ ಮಾತ್ರ, ಈಗಷ್ಟೇ ಯಾರೋ ಕೈಯಿಂದ ಕಳಚಿದಂತೆ, ಬೆಚ್ಚಗಿತ್ತು.