ಫ್ರೀಜರಿನೊಳಗಿನ ನಾಣ್ಯ

ಸೋಮವಾರ ಬೆಳಿಗ್ಗೆ ಎಂಟೂವರೆ. ಅಜ್ಜಿ ಫ್ರೀಜರಿನ ಬಾಗಿಲು ತೆಗೆದು ತನ್ನ ಡಬ್ಬಿಯಿಂದ ಒಂದು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದಳು.

ರಕ್ತದ ಸೀರಂ ತಳದಲ್ಲಿ ಮಟ್ಟಸವಾಗಿ ಗಟ್ಟಿಯಾಗಿರಬೇಕಿತ್ತು. ಈಗ ಓರೆಯಾಗಿ ಗಟ್ಟಿಯಾಗಿದೆ. ಇನ್ನೊಂದು ಎತ್ತಿದಳು. ಅದೂ ಅಷ್ಟೇ. ಕರಗಿ, ಮತ್ತೆ ಹೆಪ್ಪುಗಟ್ಟಿವೆ. ಒಮ್ಮೆ ಕರಗಿದರೆ ಅವಳ ಪರೀಕ್ಷೆಗೆ ಬಾರದು. ಇನ್ನೂರ ಹನ್ನೆರಡು ರೋಗಿಗಳ ಸ್ಯಾಂಪಲ್ ನೀರುಪಾಲು.

ಅಂದಹಾಗೆ, ಅಜ್ಜಿಗೆ ಇಪ್ಪತ್ತೇಳೇ ವಯಸ್ಸು. ಬಯೋಮೆಡಿಕಲ್ ವಿಜ್ಞಾನದ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಅವಳಿಗೆ ಇದು ನಾಲ್ಕನೇ ವರ್ಷ. ಅದಕ್ಕೇ ಲ್ಯಾಬಿನವರು ಇಟ್ಟ ಹೆಸರು. ಇನ್ನೇನು ಮುಗಿಯಿತು ಅನ್ನುವಾಗೆಲ್ಲ ಗೈಡ್ ಸರ್‌ಗೆ ಇನ್ನೊಂದು ಪ್ರಯೋಗ ನೆನಪಾಗುತ್ತಿತ್ತು. ಈ ಸಲ ಒಂದೇ ಪರೀಕ್ಷೆ ಬಾಕಿ. ಮುಂದಿನ ತಿಂಗಳು ಆಸ್ಪತ್ರೆಯೊಂದರಲ್ಲಿ ಕೆಲಸ ಗೊತ್ತಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ನೋಡಿದೆಯಾ?" ಹಿಂದೆ ಗೈಡ್ ಸರ್. "ನಿನ್ನೆ ಸಂಜೆ ಬಂದೆ. ಪ್ಲಗ್ ಕಿತ್ತಿತ್ತು. ಒಳಗೆಲ್ಲ ಕರಗಿ ನೀರು. ನಾನೇ ಪ್ಲಗ್ ಹಾಕಿದೆ."

"ಯಾರು ಸರ್ ಕಿತ್ತಿದ್ದು?"

"ಶನಿವಾರ ನೆಲ ತೊಳೆದೋಳು ಯಾರು? ಮೆಷಿನ್ ಹಾಕೋಕೆ ಕಿತ್ತಿದ್ದಾಳೆ, ಮರೆತಿದ್ದಾಳೆ. ಇವತ್ತೇ ಕೆಲಸದಿಂದ ತೆಗೆಸ್ತೀನಿ. ನೀನು ಚಿಂತೆ ಮಾಡಬೇಡ. ಒಂದು ವರ್ಷ ವಿಸ್ತರಣೆಗೆ ಫಾರಂ ತಂದಿದ್ದೀನಿ."

ಎಷ್ಟು ಮುತುವರ್ಜಿ, ನೋಡಿ!

* * *

ನೆಲ ತೊಳೆಯುವ ಅಕ್ಕ ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದಳು.

"ನಾನು ಆ ಪ್ಲಗ್ ಮುಟ್ಟಿಲ್ಲ ಕಣಮ್ಮಾ. ಹೊರಗಿನ ಪ್ಲಗ್ಗಿಂದ ವೈರ್ ಎಳ್ಕೊಂಡೆ. ಆ ಡಬ್ಬಿಗಳು ನಿನ್ನ ಜೀವ ಅಂತ ನಂಗೊತ್ತಿಲ್ವಾ? ನಾಣ್ಯ ಕೊಟ್ಟೋಳು ನಾನೇ ಅಲ್ವಾ?"

ನಾಣ್ಯ! ಅಜ್ಜಿ ಎದ್ದುಬಿದ್ದು ಓಡಿದಳು.

ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ, ಅವಳ ಡಬ್ಬಿಗಳ ಹಿಂದೆಯೇ ನಾಣ್ಯದ ಲೋಟವಿತ್ತು. ಬಗ್ಗಿ ನೋಡಿದಳು. ಮೈಯೆಲ್ಲ ಉರಿದುಹೋಯಿತು.

* * *

ವಿಭಾಗದ ಮುಖ್ಯಸ್ಥೆಯ ಕೋಣೆ. ಮೇಜಿನ ಈಚೆ ಸರ್, ಬಾಗಿಲಲ್ಲಿ ಅಕ್ಕ.

"ಸರ್, ಒಳಗೆಲ್ಲ ಕರಗಿದ್ದನ್ನ ನೀವೇ ಕಣ್ಣಾರೆ ನೋಡಿದ್ರಾ?" ಅಜ್ಜಿ ಕೇಳಿದಳು.

"ಎಷ್ಟು ಸಲ ಹೇಳಲಿ? ನೋಡಿದೆ!"

ಅಜ್ಜಿ ಲೋಟವನ್ನು ಮೇಜಿನ ಮೇಲಿಟ್ಟಳು. ಲೋಟದ ತುಂಬ ಮಂಜುಗಡ್ಡೆ, ಅದರ ನೆತ್ತಿಯ ಮೇಲೆ ಒಂದು ನಾಣ್ಯ.

"ಮೇಡಂ, ನೀರು ಗಟ್ಟಿಯಾದ ಮೇಲೆ ನಾಣ್ಯ ಇಡ್ತೀವಿ. ಕರೆಂಟ್ ಹೋಗಿ ಗಡ್ಡೆ ಕರಗಿದರೆ ನಾಣ್ಯ ಮುಳುಗುತ್ತೆ. ಆಮೇಲೆ ಮತ್ತೆ ಹೆಪ್ಪುಗಟ್ಟಿದರೂ ಅದು ತಳದಲ್ಲೇ. ಇದು ಮೇಲೇ ಇದೆ. ಅಂದರೆ ಫ್ರೀಜರ್ ಕರಗಿಲ್ಲ. ನನ್ನ ಡಬ್ಬಿಗಳನ್ನ ಹೊರಗೆ ತೆಗೆದು, ಕರಗಿಸಿ, ವಾಪಸ್ ಇಟ್ಟಿದ್ದಾರೆ. ಲ್ಯಾಬಲ್ಲಿ ಕೈಯಾಡಿಸೋ ಎಲ್ಲರಿಗೂ ಈ ನಾಣ್ಯ ಗೊತ್ತು. ಅಕ್ಕನಿಗೂ ಗೊತ್ತು. ಗೊತ್ತಿಲ್ಲದೋರು ಒಬ್ಬರೇ. ಆರು ವರ್ಷದಿಂದ ಆ ಬಾಗಿಲು ತೆಗೆಯೋದು ಹುಡುಗರ ಕೆಲಸ ಅಂತ ಕೂತೋರು. ಒಳಗೆ ನೀರು ನೋಡಿದೆ ಅಂತ ಹೇಳಿದೋರೂ ಅವರೊಬ್ಬರೇ."

ಮೇಡಂ ಸರ್ ಕಡೆ ತಿರುಗಿದರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ರಾ? ಏನ್ರೀ ಇದು?"

ಸರ್ ಹಣೆ ಒರೆಸಿಕೊಂಡರು. ಮಾತು ಬಂದದ್ದು ಅಜ್ಜಿಯ ಕಡೆಗೆ.

"ನೀನು ಹೋಗಿಬಿಟ್ಟರೆ ನನ್ನ ಪ್ರಾಜೆಕ್ಟ್ ಯಾರು ನಡೆಸ್ತಾರೆ? ಆ ಜೀವಕೋಶ ಬೆಳೆಸೋದು ನಿನ್ನ ಬಿಟ್ಟು ಇಲ್ಲಿ ಯಾರಿಗೂ ಬರಲ್ಲ. ನನಗೂ ಬರಲ್ಲ. ಒಂದೇ ವರ್ಷ ಇರಲಿ ಅಂದ್ಕೊಂಡೆ."

"ಕೇಳಬಹುದಿತ್ತಲ್ಲ, ಸರ್."

"ಕೇಳಿದ್ದರೆ ಇರ್ತಿದ್ದೆಯಾ?"

"ಇಲ್ಲ."

* * *

ಸಂಜೆಯೊಳಗೆ ಸರ್ ಅಮಾನತಾದರು. ಅಕ್ಕನ ಕೆಲಸ ಉಳಿಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಳ್ಳ ಸಿಕ್ಕನೆಂದು ಕರಗಿದ್ದು ಕೂಡುತ್ತದೆಯೇ?

ಮೇಡಂ ಅದೇ ವಿಸ್ತರಣೆಯ ಫಾರಂ ಮುಂದಿಟ್ಟರು. ಗೈಡ್ ಹೆಸರು ಹೊಡೆದು ತಮ್ಮ ಹೆಸರು ಬರೆದಿದ್ದರು.

"ಸ್ಯಾಂಪಲ್ ಮತ್ತೆ ಕೂಡಿಸಲೇಬೇಕಮ್ಮಾ. ಬೇರೆ ದಾರಿ ಇಲ್ಲ."

ಅಜ್ಜಿ ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಇನ್ನೊಂದು ವರ್ಷ."

"ಮೊದಲು ಮುಗಿಯೋದು ನಿನ್ನ ಓದಾ, ನಾನಾ?" ಎಂದು ಅಮ್ಮ ನಗಲು ನೋಡಿದಳು. ಆಗಲಿಲ್ಲ.

ಅಜ್ಜಿ ಒಳಗೆ ಹೋಗಿ ಸಹಿ ಹಾಕಿದಳು. ಆಮೇಲೆ ನಾಣ್ಯ ಒರೆಸಿ, ಗಡ್ಡೆ ಕರಗಿ ನೀರಾಗಿದ್ದ ಲೋಟವನ್ನು ಫ್ರೀಜರಿನಲ್ಲಿಟ್ಟು, ನೀರು ಗಟ್ಟಿಯಾಗುವವರೆಗೆ ಅಲ್ಲೇ ಕಾದು ಕೂತಳು.