ಪೂಜೆಯ ದಿನ ಉರಿದ ಓವನ್

"ನನ್ನ ಗಂಡನ್ನ ನಾನ ಸುಟ್ಟೆ ಅಂತಾರ್ರಿ," ಎಂದು ಮಹಾದೇವಿ ಬಾಗಿಲಲ್ಲೇ ಕುಸಿದು ಕೂತಳು. "ಸಂಜೀಕ ಹಿಡ್ಕೊಂಡ ಹೋಗ್ತೀವಿ ಅಂದಾರ. ಮಗಳನ್ನ ಯಾರ ಕೈಯಾಗ ಬಿಡ್ಲಿ?"

ಪೀಣ್ಯದ ಬೇರಿಂಗ್ ಅಂಗಡಿಯೊಂದರ ಮಹಡಿಯಲ್ಲಿ ಪತ್ತೇದಾರಿ ಕೃಪಾಳ ಕಚೇರಿ. ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಇರಣ್ಣ ಅವಳ ಬಲಗೈ. ಕಂಡವರನ್ನೆಲ್ಲ ಕಳ್ಳರೆಂದೇ ನೋಡುವ ಚಾಳಿ ಪೆನ್ಷನ್ ಬಂದರೂ ಅವನನ್ನು ಬಿಟ್ಟಿರಲಿಲ್ಲ. ಆದರೂ ತನ್ನ ಸೀಮೆಯ ಮಾತು ಕಿವಿಗೆ ಬಿದ್ದದ್ದೇ ಎದ್ದು ಅವಳಿಗೆ ನೀರು ತಂದುಕೊಟ್ಟ.

ಅದು 2015ರ ದಸರಾ ಸಮಯ. ಶ್ರೀಧರ್ ಎಂಬುವರ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಮಹಾದೇವಿ ಓವನ್ ನಡೆಸುವವಳು. ಓವನ್ ಎಂದರೆ ಮನುಷ್ಯ ನಡೆದುಹೋಗುವಷ್ಟು ದೊಡ್ಡ ಕಬ್ಬಿಣದ ಕೋಣೆ; ಬಣ್ಣದ ಪುಡಿ ಹಚ್ಚಿದ ಗೇಟು, ಕಪಾಟುಗಳನ್ನು ಅದರಲ್ಲಿ ಬೇಯಿಸುತ್ತಾರೆ. ಆಯುಧಪೂಜೆಗೆಂದು ಅದನ್ನು ಒಳಗೆಲ್ಲ ಉಜ್ಜಿ ತೊಳೆದವನು ಅವಳ ಗಂಡ ನಿಂಗಪ್ಪ. ಎಲ್ಲರೂ ಹೊರಟ ಮೇಲೆ ಅದರೊಳಗೇ ಮಲಗಿದ್ದ. ಮರುದಿನ ಬೆಳಿಗ್ಗೆ ಸುಟ್ಟ ವಾಸನೆ ಹಿಡಿದು ಬಂದ ವಾಚ್‌ಮನ್ ಮೇನ್ ಸ್ವಿಚ್ ಎಳೆದು ಬಾಗಿಲು ಮೀಟಿದಾಗ ಒಳಗಿದ್ದ ದೇಹ ಗುರುತು ಹಿಡಿಯುವ ಹಾಗಿರಲಿಲ್ಲ.

"ಓವನ್ ಹಚ್ಚೋಕೆ ಪಾಸ್‌ವರ್ಡ್ ಬೇಕು, ಅಲ್ವಾ?" ಕೃಪಾ ಕೇಳಿದಳು.

"ಪ್ಯಾನಲ್‌ದಾಗರ ಒತ್ತಬೇಕು, ಫೋನ್‌ದಾಗರ ಒತ್ತಬೇಕು. ಹಳೇದು ಎಲ್ಲಾರಿಗೂ ಗೊತ್ತಾಗೇತಿ ಅಂತ ಪೂಜಿ ದಿನ ಮುಂಜಾನೆ ಸಾಹೇಬ್ರು ಬದ್ಲಿ ಮಾಡಿಸಿದ್ರು. ಹೊಸಾದು ನನಗೊಬ್ಬಾಕಿಗೇ ಗೊತ್ತು. ಹಿಂದಿನ ದಿನ ಗಂಡನ ಕೂಡ ಜಗಳಾನೂ ಆಗಿತ್ತು."

'ಇನ್ನೇನು ಬೇಕು ಪೊಲೀಸರಿಗೆ!' ಎಂದುಕೊಂಡ ಇರಣ್ಣ.

ಶೆಡ್ಡಿನಲ್ಲಿ ಇನ್ನೂ ಹಬ್ಬದ ಕಳೆ ಉಳಿದಿತ್ತು. ಅದನ್ನು ನೋಡುವುದೇ ಹಿಂಸೆಯಾಗಿತ್ತು. ಪ್ಯಾನಲ್ಲಿನ ಒಂದೊಂದು ಗುಂಡಿಗೂ ಗಂಧ, ಕುಂಕುಮ. ಮೇಲೆ ಚೆಂಡು ಹೂವಿನ ಹಾರ ಇಳಿಬಿದ್ದು ಅಂಕಿ ತೋರುವ ಗಾಜನ್ನೇ ಮುಚ್ಚಿತ್ತು. ಒಂದು ಬೊಟ್ಟೂ ಅಳಿಸಿರಲಿಲ್ಲ. ಪೂಜೆಯಾದ ಯಂತ್ರವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ, ಮೇನನ್ನೂ ಇಳಿಸುತ್ತಾರೆ. ಈ ಸಲ ಮಾತ್ರ ಸೀರಿಯಲ್ ಸೆಟ್ ದೀಪಕ್ಕೆ ಇದೇ ಪ್ಯಾನಲ್‌ನಿಂದ ಕರೆಂಟ್ ಎಳೆದು, ಮೇನ್ ಹಾಗೇ ಬಿಟ್ಟಿದ್ದರು.

ಕೃಪಾ ಮೇನ್ ಏರಿಸಿ ಹಾರ ಸರಿಸಿದಳು. ಗಾಜಿನಲ್ಲಿ ಕೊನೆಯ ಸಲ ಇಟ್ಟ ಶಾಖ 240 ಡಿಗ್ರಿ ಎಂದು ಮೂಡಿತು. ತಕ್ಷಣ ಮೇನ್ ಇಳಿಸಿ, "ಇರಣ್ಣ, ಇದು ನಮ್ಮಿಬ್ಬರಲ್ಲೇ ಇರಲಿ," ಎಂದಳು.

"ಇನ್ನೂರರ ಮ್ಯಾಲ ನಾ ಎಂದೂ ಇಟ್ಟಿಲ್ರಿ, ಒಳಗಿನ ಹೀಟರ್ ಕಾಯಿಲ್ ಸುಡ್ತಾವ," ಎಂದು ಮಹಾದೇವಿ ದಾರಿಯಲ್ಲೇ ಹೇಳಿದ್ದಳು.

ಹೊರಗೆ ಶ್ರೀಧರ್ ಜೊತೆ ಈಶಪ್ಪ ನಿಂತಿದ್ದ. ಓವನ್ನಿನ ಶಾಖ ನಿಯಂತ್ರಿಸುವ ಕಂಟ್ರೋಲರ್ ಮಾಡಿದ ಕಂಪನಿಯ ಸರ್ವೀಸ್ ಎಂಜಿನಿಯರ್. ಘಟನೆಯ ನಂತರ ಶೆಡ್ಡಿಗೆ ಕಾಲಿಟ್ಟದ್ದು ಆಗಲೇ. "ಪಾಪ ಅನ್ಸುತ್ತೆ ಮೇಡಂ. ಆದ್ರೆ ಇನ್ನೂರ ನಲವತ್ತಕ್ಕೆ ಏರಿಸೋದು ಆಪರೇಟರ್ ಬಿಟ್ಟು ಇನ್ಯಾರ ಕೈಲಾಗುತ್ತೆ?" ಎಂದ.

ಕೃಪಾ ತಲೆಯಾಡಿಸಿ ಅಲ್ಲಿಂದ ಹೊರಟಳು.

ಸಂಜೆ ಇನ್ಸ್‌ಪೆಕ್ಟರ್ ಸೇರಿ ಎಲ್ಲರೂ ಓವನ್ನಿನ ಮುಂದೆ ಕೂತರು. ಕೃಪಾ ಮೇನ್ ಹಾಕಿಸಿ, ದೂರದಲ್ಲೇ ನಿಂತು ತನ್ನ ಫೋನಿನಲ್ಲಿ ಏನೋ ಒತ್ತಿದಳು. ಖಾಲಿ ಓವನ್ ಗುಂಯ್‌ಗುಟ್ಟಿತು. ಬಾಗಿಲು ತಾನಾಗಿ ಲಾಕ್ ಆಯಿತು. ಮಹಾದೇವಿ ಚೀರಿ ಕಿವಿ ಮುಚ್ಚಿಕೊಂಡಳು. ಕೃಪಾ ತಕ್ಷಣ ಆರಿಸಿದಳು.

"ಮಹಾದೇವಿಯ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಇದೇ ಮಾದರಿಯ ಹೊಸ ಕಂಟ್ರೋಲರ್ ಒಂದನ್ನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದು ಗೆಳೆಯನ ಕೈಲಿ ಬಿಚ್ಚಿಸಿದೆ. ಅದರ ಸಾಫ್ಟ್‌ವೇರಿನ ಒಳಗೇ ಕಂಪನಿ ಇನ್ನೊಂದು ಪಾಸ್‌ವರ್ಡ್ ಕೂರಿಸಿದೆ. ಎಲ್ಲ ಓವನ್ನಿಗೂ ಅದೊಂದೇ. ಮಾಲೀಕರಿಗೆ ಕಾಣಲ್ಲ, ಬದಲಾಯಿಸೋಕೂ ಬರಲ್ಲ."

"ಹಂಗಾದ್ರೆ ಯಾರು ಬೇಕಾದ್ರೂ..." ಇನ್ಸ್‌ಪೆಕ್ಟರ್ ಬಾಯಿ ತೆರೆದರು.

"ಗೊತ್ತಿದ್ದೋರು ಯಾರು ಬೇಕಾದ್ರೂ. ಕುಂಕುಮ ಅಳಿಸಿಲ್ಲ, ಅಂದ್ರೆ ಹಚ್ಚಿದ್ದು ದೂರದಿಂದ. ಎಷ್ಟು ಶಾಖ ಇಟ್ಟಿದ್ರು ಅನ್ನೋದು ಹಾರದ ಹಿಂದಿತ್ತು. ಮೇನ್ ಎಳೆದ ಮೇಲೆ ಗಾಜೂ ಆರಿತ್ತು. ನೋಡಿದ್ದು ನಾನು, ಇರಣ್ಣ ಇಬ್ಬರೇ. ಈಶಪ್ಪ, ನಿಮಗೆ ಇನ್ನೂರ ನಲವತ್ತು ಅಂತ ಹೇಳಿದ್ಯಾರು?"

ಈಶಪ್ಪನ ಮುಖ ಬಿಳುಚಿತು. "ಶ್ರೀಧರ್ ಸಾರ್ ಸರ್ವೀಸ್ ಕಾಂಟ್ರಾಕ್ಟ್ ನಿಲ್ಲಿಸ್ತೀನಿ ಅಂದ್ರು. ಕಾಯಿಲ್ ಸುಟ್ರೆ ಮತ್ತೆ ಕರೀತಾರೆ ಅಂದ್ಕೊಂಡೆ. ಒಳಗೆ ಮನುಷ್ಯ ಇದ್ದಾನೆ ಅಂತ ನಂಗೇನ್ ಗೊತ್ತು ಮೇಡಂ? ಒಳಗಿಂದ ತೆಗೆಯೋಕೆ ಹಿಡಿ ಇದೆಯಲ್ಲ!"

ಶ್ರೀಧರ್ ತಲೆ ತಗ್ಗಿಸಿದರು. ಆ ಹಿಡಿ ಮುರಿದು ತಿಂಗಳುಗಳೇ ಆಗಿದ್ದವು. ಇರಣ್ಣನಿಗೆ ಇಬ್ಬರ ಕೆನ್ನೆಗೂ ಬಾರಿಸುವಷ್ಟು ಸಿಟ್ಟು ಬಂತು.

ಇನ್ಸ್‌ಪೆಕ್ಟರ್ ಈಶಪ್ಪನ ತೋಳು ಹಿಡಿದು ಎಬ್ಬಿಸಿದರು. ಇರಣ್ಣ ಮಹಾದೇವಿಯ ಬಳಿ ಬಾಗಿ, "ಏಳವ್ವಾ, ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರಿಗೂ ಗೊತ್ತಾತು. ಮಗಳ ಕಡೆ ಹೋಗು," ಎಂದ.

ಅವಳು ಏಳಲಿಲ್ಲ.

"ಒಳಗ ತಂಪ ಐತಿ, ಇಲ್ಲೇ ಅಡ್ಡಾಗ್ಲೇನು ಅಂತ ನನ್ನ ಗಂಡ ಕೇಳಿದ್ನರಿ," ಎಂದಳು. "ಪಾಸ್‌ವರ್ಡ್ ನಾನ ಬದ್ಲಿ ಮಾಡೀನಿ, ನನ್ನ ಬಿಟ್ರ ಯಾರಿಗೂ ಹಚ್ಚಾಕ ಬರಂಗಿಲ್ಲ, ಆರಾಮ ಮಲಕೋ ಅಂತ ನಾನ ಹೇಳಿ ಹೋದ್ನಿರಿ."

ಇರಣ್ಣ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.