ಕಡಿವಾಣದ ಹೊಲಿಗೆಯಲ್ಲಿ ಸಿಕ್ಕ ಬೀಜ

ಹುಲುಗಪ್ಪ ಹೊಸಪೇಟೆ ಸ್ಟೇಷನ್ನಿನ ಎದುರಿದ್ದ ಬೇವಿನ ಮರದ ಕಡೆಗೆ ಓಡಿ ಬಂದಾಗ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಕಮಲಾಪುರದ ಗದ್ದೆಯಲ್ಲಿ ಹೂತುಹೋಗಿತ್ತು.

"ಅಕ್ಕಾ, ನನ್ನ ಕುದುರಿ ತುಫಾನಿಗೆ ಯಾರೋ ಏನೋ ಮಾಡ್ಯಾರ! ನಿನ್ನಿ ಕುರಿಮರಿ ಹಂಗ ಇತ್ತು. ಇವತ್ತು ಹುಚ್ಚೆದ್ದು ಕೊಟ್ರಯ್ಯ ಸಾವ್ಕಾರ್ರನ್ನ ಕೆಸರಿಗೆ ಒಗದೈತಿ!"

ಮರದ ಬುಡದಲ್ಲಿ ಕುಳಿತು ಜಟಕಾದ ಪಟ್ಟಿ ಹೊಲಿಯುತ್ತಿದ್ದ ಸುಂಕಮ್ಮ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದಳು. "ಸಾವ್ಕಾರ್ರಿಗೆ ಪೆಟ್ಟಾತೇನು?"

"ಪೆಟ್ಟಿಲ್ಲ. ಸಿಟ್ಟು ಭಾಳ ಐತಿ."

ಪಕ್ಕದಲ್ಲಿದ್ದ ಪಾಲಪ್ಪ ಚಹಾದ ಲೋಟ ಕೆಳಗಿಟ್ಟ. ಮೂವತ್ತು ವರ್ಷ ಪೊಲೀಸ್ ಚಾಕರಿ ಮಾಡಿ ದಫೇದಾರನಾಗಿ ಪಿಂಚಣಿಗೆ ಬಂದವನು ಅವನು. ಊರಿನ ಸಣ್ಣಪುಟ್ಟ ಕಳವು, ಮೋಸ, ಒಗಟುಗಳೆಲ್ಲ ಠಾಣೆಗಿಂತ ಮೊದಲು ಈ ಬೇವಿನ ಬುಡಕ್ಕೆ ಬರುವುದನ್ನು ಕಂಡ ಮೇಲೆ, ನಾಲ್ಕು ವರ್ಷಗಳಿಂದ ಸುಂಕಮ್ಮನ ಉಳಿ, ದಬ್ಬಳಗಳ ಚೀಲ ಹೊತ್ತು ಅವಳ ಹಿಂದೆ ತಿರುಗುತ್ತಿದ್ದ. ಗಂಟು ಬಿಚ್ಚುವವಳು ಅವಳು, ಗಂಟು ಬಿಗಿ ಮಾಡುವವನು ತಾನು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ತುಫಾನಿಯ ಸಂಗತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಿಡ್ಡ ಕಾಲು, ಅಗಲ ಎದೆ, ಗುಂತಕಲ್ ಗಾಡಿ ಸೀಟಿ ಹಾಕಿದರೆ ಎರಡು ಕಾಲ ಮೇಲೆ ನಿಲ್ಲುವ ಸ್ವಭಾವ. ಕಂಡಕಂಡವರ ಮಾತು ಕೇಳಿ ಹುಲುಗಪ್ಪ ಅದರ ಬಾಯಿಗೆ ಮುಳ್ಳು ಕಡಿವಾಣ ಹಾಕಿದ್ದ. ಕುದುರೆ ಇನ್ನಷ್ಟು ಕೆಟ್ಟಿತು. ಕೊನೆಗೆ ಸುಂಕಮ್ಮ ಅದರ ಬಾಯಿಗೆ ಅಡ್ಡಲಾಗಿ ದಾರ ಹಿಡಿದು ಅಳತೆ ತೆಗೆದು, ತುಟಿ ಚುಚ್ಚದಷ್ಟು ಅಗಲದ, ಹೆಬ್ಬೆರಳು ದಪ್ಪದ ನುಣುಪಾದ ಕಂಬಿಗೆ ಮೆತ್ತನೆ ತೊಗಲು ಸುತ್ತಿ ಹೊಲಿದು ಕೊಟ್ಟಿದ್ದಳು. ನಿನ್ನೆ ಅದನ್ನು ಹಾಕಿದ ಕೂಡಲೇ ತುಫಾನಿ ಎರಡೇ ಬೆರಳಿನ ಲಗಾಮಿಗೆ ಓಡಾಡಿತ್ತು. ಜಟಕಾದವರೆಲ್ಲ ಸುತ್ತ ನೆರೆದು ಕಡಿವಾಣವನ್ನು ಮುಟ್ಟಿ ನೋಡಿದ್ದರು. ಹುಲುಗಪ್ಪನಿಗೆ ಆಗದ ಉಚ್ಚೆಂಗಪ್ಪ ಕೂಡ, "ಏನ್ ಕಡಿವಾಣಲೇ ಇದು! ಇಂಥಾದ್ದು ಈ ಊರಾಗ ಇಲ್ಲ ಬಿಡು," ಎಂದು ಮೂರು ಸಲ ಅಂದಿದ್ದ.

"ಹಿಂಗ್ಯಾಕಾತು ಅಂತ ಹೇಳಾಕ ಸಾವ್ಕಾರ್ರು ಸಂಜಿತನಕ ವಾಯಿದೆ ಕೊಟ್ಟಾರ," ಎಂದ ಹುಲುಗಪ್ಪ. "ಆಮ್ಯಾಲ ಮುನ್ಸಿಪಾಲ್ಟಿಗೆ ಹೇಳಿ ಜಟಕಾದ ಲೈಸೆನ್ಸ್ ಬಿಲ್ಲೆ ಕೀಳಸ್ತಾರಂತ. ಬಿಲ್ಲೆ ಹೋದ್ರ ತುಫಾನಿನ್ನ ಸಂಡೂರಿನ ದಲ್ಲಾಳಿಗೆ ಮಾರಬೇಕು. ಅಂವ ಮತ್ತ ಮುಳ್ಳ ಹಾಕತಾನಕ್ಕ." ಅಷ್ಟು ದೊಡ್ಡ ಆಳು ಕಣ್ಣೊರೆಸಿಕೊಂಡ.

"ಸಾವ್ಕಾರ್ರನ್ನ ಊರಿಗೆ ವಾಪಸ್ ತಂದವರು ಯಾರು?" ಪಾಲಪ್ಪ ಕೇಳಿದ.

"ಉಚ್ಚೆಂಗಪ್ಪ. ನಮ್ಮ ಹಿಂದಿಂದನ ಬರತಿದ್ದ."

ಪಾಲಪ್ಪ ಸುಂಕಮ್ಮನ ಕಡೆಗೆ ನೋಡಿದ. ಅವಳು ಆಗಲೇ ಸೆರಗು ಕಟ್ಟಿ ಎದ್ದಿದ್ದಳು. "ನಡಿ. ನಾ ಹೊಲಿದ ಕಡಿವಾಣ ಅದು."

ಹುಲುಗಪ್ಪನ ಮನೆಯಂಗಳದಲ್ಲಿ ತುಫಾನಿ ನೀರಿನ ಬಾನಿಗೆ ಮೂತಿ ಹಾಕಿ ನಿಂತಿತ್ತು. ಕುಡಿಯುವುದು, ಮೂತಿ ಎತ್ತುವುದು, ಮತ್ತೆ ಅದ್ದುವುದು. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಸುಂಕಮ್ಮ ಅದರ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು. ಕಣ್ಣಿನ ಕಪ್ಪು ಸಣ್ಣಗಾಯಿತು. ನಾಲಿಗೆ ಕೆಂಪಾಗಿತ್ತು, ಗಾಯ ಎಲ್ಲೂ ಇರಲಿಲ್ಲ.

ಆಮೇಲೆ ಕಡಿವಾಣ ತೆಗೆದುಕೊಂಡಳು. ತೊಗಲಿನ ಸುತ್ತು ಹರಿದಿರಲಿಲ್ಲ, ಕಂಬಿ ಸೊಟ್ಟಗಾಗಿರಲಿಲ್ಲ. ಹೊಲಿಗೆಯ ಸಂದಿನಲ್ಲಿ ಮಾತ್ರ ಒಂದು ಚಪ್ಪಟೆ ಹಳದಿ ಬೀಜ ಸಿಕ್ಕಿಕೊಂಡಿತ್ತು. ಜೊತೆಗೆ ಬೆರಳ ತುದಿಯಷ್ಟು ಕಪ್ಪು ದಾರ.

"ನನ್ನ ದಾರ ಕಂದು ಬಣ್ಣದ್ದು," ಎಂದಳು ಸುಂಕಮ್ಮ.

ಪಾಲಪ್ಪ ಬೀಜವನ್ನು ಅಂಗೈಯಲ್ಲಿಟ್ಟುಕೊಂಡ. "ದತ್ತೂರಿ! ಕೂಡ್ಲಿಗಿ ದಾರ್ಯಾಗ ಜನಕ್ಕ ಇದನ್ನ ತಿನ್ನಿಸಿ ಗಂಟು ಹೊಡೀತಿದ್ರು. ತಿಂದಾವರಿಗೆ ಬುದ್ಧಿಭ್ರಮಣಿ. ಇಂಥಾ ಬೀಜ ನಾ ಕೋರ್ಟಿನಾಗ ತೋರಿಸೀನಿ ಸುಂಕಮ್ಮ!"

"ಕೊಡ್ರಿ ಇಲ್ಲೆ." ಅವಳು ಬೀಜ ಇಸಿದುಕೊಂಡು ಬೆಳಕಿಗೆ ಬೆನ್ನು ತಿರುಗಿಸಿ ಕ್ಷಣ ನಿಂತಳು. ನಂತರ ಒಳಗೆ ಕೂಗಿದಳು: "ಊರಮ್ಮತ್ತಿ, ಒಂದೀಟು ಮಜ್ಜಿಗಿ ಕೊಡು."

ಬಿಸಿಲೂ ಅಂಥದೇ ಇತ್ತು. ಹುಲುಗಪ್ಪನ ತಾಯಿ ಊರಮ್ಮ ಮಜ್ಜಿಗೆ ತಂದಳು. ಮುದುಕಿಯ ಕಣ್ಣು ಬೆಳಗಿನಿಂದ ಅತ್ತಂತೆ ಕೆಂಪಾಗಿತ್ತು; ಕೈಯಿಂದ ಒರೆಸಿಕೊಂಡಷ್ಟೂ ನೀರು ಹೆಚ್ಚಾಗುತ್ತಿತ್ತು. ಕುದುರೆಯ ಮೇಲೆ ಎಂಥ ಜೀವ ಎಂದು ಪಾಲಪ್ಪನ ಮನಸ್ಸು ಕರಗಿತು.

"ರಾತ್ರಿ ಕಡಿವಾಣ ಎಲ್ಲಿಡ್ತೀಯಪ?" ಸುಂಕಮ್ಮ ಕೇಳಿದಳು.

"ಒಳಗ, ಒಲಿ ಮಗ್ಗಲ ಗೂಟಕ್ಕ," ಎಂದ ಹುಲುಗಪ್ಪ. "ನಿನ್ನಿ ತೊಳದು ಹಸೀದ ಹಾಕಿದ್ದೆ. ಹೊರಗಿನಾವ ಯಾವನೂ ಒಳಗ ಬಂದಿಲ್ಲ."

"ಕಿಟಕಿ?" ಎಂದ ಪಾಲಪ್ಪ.

"ಕಿಟಕೀನ ಇಲ್ಲರಿ."

"ಹಂಗಾದ್ರ ಉಚ್ಚೆಂಗಪ್ಪ ಹೆಂಚು ತಗದು ಇಳದಿರಬೇಕು," ಎಂದು ಪಾಲಪ್ಪ ಸೂರಿನತ್ತ ನೋಡಿದ.

"ದಫೇದಾರ್ರ, ಅವನ ಹೊಟ್ಟಿ ನೋಡೀರಿ?" ಎಂದಳು ಸುಂಕಮ್ಮ. "ನಾಲ್ಕಕ್ಕ ಎಲ್ಲಾರೂ ಬೇವಿನ ಗಿಡಕ್ಕ ಬರ್ರಿ. ಸಾವ್ಕಾರ್ರೂ ಬರಲಿ. ಅಷ್ಟರಾಗ ನಂದೊಂದು ಹೊಲಿಗಿ ಐತಿ."

ನಾಲ್ಕಕ್ಕೆ ಬೇವಿನ ನೆರಳಿನಲ್ಲಿ ಎಲ್ಲರೂ ಸೇರಿದರು. ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯ ಹುಲುಗಪ್ಪನದೇ ಒಂದು ಗಿಡ್ಡ ಧೋತರ ಉಟ್ಟು ಪೆಟ್ಟಿಗೆಯ ಮೇಲೆ ಕುಳಿತಿದ್ದ. ಜೀವಮಾನವೆಲ್ಲ ಭತ್ತ ಕುಟ್ಟಿಸಿದವನು ಭತ್ತದ ಕೆಸರಿನ ರುಚಿ ಕಂಡದ್ದು ಅವತ್ತೇ ಮೊದಲು. ಉಚ್ಚೆಂಗಪ್ಪ ದೂರ ನಿಂತು ಬೀಡಿ ಸೇದುತ್ತಿದ್ದ. ಊರಮ್ಮ ಮಗನ ಬೆನ್ನ ಹಿಂದೆ ಕುಳಿತಿದ್ದಳು. ತುಫಾನಿಯನ್ನು ಮರಕ್ಕೆ ಕಟ್ಟಿತ್ತು.

ಪಾಲಪ್ಪನಿಗೆ ತಡೆಯಲಾಗಲಿಲ್ಲ. "ಉಚ್ಚೆಂಗಪ್ಪ, ದತ್ತೂರಿ ಎಲ್ಲಿ ಕಿತ್ತಿ? ಒಪ್ಪಿಕೋ!"

"ಏನ್ ದತ್ತೂರಿ ದಫೇದಾರ್ರ? ನನಗ ನನ್ನ ಕುದುರಿಗೆ ಹುಲ್ಲು ಕೀಳಾಕ ಪುರುಸೊತ್ತಿಲ್ಲ!"

"ಕುಂದ್ರಿ ದಫೇದಾರ್ರ," ಎಂದಳು ಸುಂಕಮ್ಮ. "ಕೂಡ್ಲಿಗಿ ದಾರ್ಯಾಗ ಬಿದ್ದಾವರ ಬಾಯಿ ಹೆಂಗಿರತಿತ್ತು?"

"ಒಣಗಿರತಿತ್ತು. ನೀರು ನೀರು ಅಂತಿದ್ರು."

"ಕಣ್ಣು?"

"ಕಣ್ಣಿನ ಕಪ್ಪು ಅಗಲಾಗಿ..." ಪಾಲಪ್ಪ ಕುದುರೆಯ ಕಡೆಗೆ ತಿರುಗಿದ. ತುಫಾನಿಯ ಬಾಯಿಂದ ಇಳಿಯುತ್ತಿದ್ದ ಜೊಲ್ಲು, ಬಿಸಿಲಿಗೆ ಸಣ್ಣಗಾದ ಕಪ್ಪು ಎರಡೂ ಅವನ ಕಣ್ಣೆದುರಿಗೆ ಬಂದವು.

"ನೋಡೀರಲ್ಲ? ಬಾಯಿ ಒಣಗಿರಲಿಲ್ಲ, ಕಣ್ಣು ಅಗಲಾಗಿರಲಿಲ್ಲ. ಅಂದ ಮ್ಯಾಲ ದತ್ತೂರಿ ಅಲ್ಲ. ಆದ್ರ ನೋಡಾಕ ಅದರಂಗ ಇರೂ ಇನ್ನೊಂದು ಬೀಜ ಪ್ರತಿ ಮನ್ಯಾಗ ಐತಿ." ಅವಳು ಕಾಗದದ ಪೊಟ್ಟಣ ಬಿಚ್ಚಿದಳು. "ಆ ಬೀಜಾನ ನಾ ಅಂಗಳದಾಗ ನಾಲಿಗಿ ತುದಿಗೆ ಮುಟ್ಟಿಸಿದೆ. ಆಮ್ಯಾಲ ಸುತ್ತಿದ ತೊಗಲ ಬಿಚ್ಚಿದಾಗ ಒಳಗ ಇನ್ನೆರಡು ಸಿಕ್ಕವು. ಒಂದು ಕಡದು ನೋಡ್ರಿ."

ಪಾಲಪ್ಪ ಮೂವತ್ತು ವರ್ಷದ ಚಾಕರಿಯ ಮರ್ಯಾದೆಗೆ ಅಂಜಿ, ಒಂದು ಬೀಜ ಬಾಯಿಗೆ ಹಾಕಿ ಕಟಕ್ಕನೆ ಕಡಿದ. ಮರು ಉಸಿರಿಗೆ ಮೂಗು, ಕಣ್ಣು ಎರಡರಲ್ಲೂ ನೀರಿಳಿಯಿತು.

"ಮೆಣಸಿನಕಾಯಿ!" ಎಂದು ಕೆಮ್ಮಿದ. "ಮಜ್ಜಿಗಿ, ಯಾರಾರ ಮಜ್ಜಿಗಿ!"

ಉಚ್ಚೆಂಗಪ್ಪ ನಕ್ಕ ನಗೆಗೆ ಬೀಡಿ ಕೆಳಗೆ ಬಿತ್ತು.

"ನಾನೂ ಮಧ್ಯಾಹ್ನ ಮಜ್ಜಿಗಿ ಕೇಳಿದ್ದು ಬಿಸಲಿಗಲ್ಲ," ಎಂದು ಸುಂಕಮ್ಮ ಮುಂದುವರಿಸಿದಳು. "ಬರೇ ಕಬ್ಬಿಣಾಗಿದ್ರ ಖಾರ ತೊಳದ್ರ ಹೋಗತಿತ್ತು. ತೊಗಲು ಹಸೀ ಇತ್ತು, ರಾತ್ರೆಲ್ಲ ಹೀರಿಕೊಂತು. ಊರು ದಾಟೂ ತನಕ ಕುದುರಿ ತಡಕೊಂಡೈತಿ. ಕಮಲಾಪುರದ ಕೆರಿ ಏರಿ ಹತ್ತುವಾಗ ಹುಲುಗಪ್ಪ ಲಗಾಮು ಜಗ್ಗಿದ, ಖಾರ ಜೊಲ್ಲಿನಾಗ ಇಳೀತು. ಸೊಕ್ಕಿನ ಕುದುರಿಗೆ ಬಾಯಿ ನೋವಾದ್ರ ನಿಲ್ಲೂದಿಲ್ಲ, ನೋವು ಬಿಟ್ಟು ಮುಂದಕ್ಕ ಓಡತೈತಿ. ಮುಳ್ಳು ಹಾಕಿದಾಗಲೂ ಅದ ಆಗಿದ್ದು."

"ಹಾಕಿದಾವ ಯಾರು, ಅದನ್ನ ಹೇಳು," ಎಂದ ಕೊಟ್ರಯ್ಯ.

"ಹೊರಗಿನಾವರು ಒಳಗ ಬಂದಿಲ್ಲ. ಮೆಣಸಿನಕಾಯಿಗೆ ಕಪ್ಪು ದಾರ ಕಟ್ಟಾವರು ಯಾತಕ್ಕ ಕಟ್ಟತಾರ ಸಾವ್ಕಾರ್ರ? ನಿಮ್ಮ ಗಿರಣಿ ಬಾಗಲಕ್ಕ ಯಾತಕ್ಕ ಕಟ್ಟೀರಿ?"

ಕೊಟ್ರಯ್ಯನ ಹುಬ್ಬು ಸಡಿಲವಾಯಿತು. "ದೃಷ್ಟಿಗೆ."

"ನಿನ್ನಿ ಈ ಕಡಿವಾಣದ ಮ್ಯಾಲ ಊರ ಮಂದಿ ಕಣ್ಣೆಲ್ಲ ಬಿದ್ದಿತ್ತು. ಮೂರು ಸಲ ಹೊಗಳಿದಾವ ಇಲ್ಲೇ ನಿಂತಾನ. ಮನ್ಯಾಗ ಕುದುರಿ ಮ್ಯಾಲ ಜೀವ ಇಟ್ಕೊಂಡಾವರು ಸುಮ್ಮನಿರತಾರೇನು? ಮೆಣಸಿನಕಾಯಿ ಮುರದ ಕೈಲೆ ಕಣ್ಣೊರಸ್ಕೊಂಡ್ರ ಕಣ್ಣು ಸಂಜಿತನಕ ಉರೀತಾವು." ಸುಂಕಮ್ಮ ಯಾರ ಕಡೆಗೂ ನೋಡದೆ ಮೆಲ್ಲಗೆ ಅಂದಳು. "ತಪ್ಪು ಮಾಡಿಲ್ಲ ಅತ್ತಿ. ಹೇಳು."

ಊರಮ್ಮ ಮಗನ ಬೆನ್ನ ಹಿಂದಿನಿಂದಲೇ ಮಾತಾಡಿದಳು. "ಇಂವ ಇಂಥಾದಕ್ಕೆಲ್ಲ ನಗತಾನ, ಅದಕ್ಕ ಹೇಳಲಿಲ್ಲ. ಮೂರು ಕಾಯಿ ಮುರದು ದೃಷ್ಟಿ ಇಳೇ ತಗದು ಕಡಿವಾಣಕ್ಕ ಕಟ್ಟಿದ್ದೆ. ನಸುಕಿನ್ಯಾಗ ಬಿಚ್ಚಿ ಒಲಿಗೆ ಹಾಕಿದೆ. ತುಫಾನಿಗೆ ಉರೀತೈತಿ ಅಂತ ನನಗೇನ್ ಗೊತ್ತವ್ವಾ! ಗೊತ್ತಾದ ಮ್ಯಾಲ ಬಾಯಿ ಬರಲಿಲ್ಲ."

ಹುಲುಗಪ್ಪ ತಿರುಗಿ ತಾಯಿಯನ್ನು ನೋಡಿದ. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. "ನಿನ್ನ ದೃಷ್ಟಿನ ಎಲ್ಲಾರಕ್ಕಿಂತ ದೊಡ್ಡದಾತಲ್ಲಬೇ," ಎಂದ.

ಸುಂಕಮ್ಮ ಹೊಸ ತೊಗಲು ಸುತ್ತಿದ ಕಡಿವಾಣವನ್ನು ಅವನಿಗೆ ಕೊಟ್ಟಳು. ತುಫಾನಿ ಮೊದಲು ಮೂಸಿತು, ಕಿವಿ ಹಿಂದಕ್ಕೆ ಮಾಡಿತು, ಆಮೇಲೆ ಬಾಯಿ ತೆರೆಯಿತು. ಅದೇ ಹೊತ್ತಿಗೆ ಗುಂತಕಲ್ ಗಾಡಿ ಸೀಟಿ ಹಾಕಿತು. ಎಲ್ಲರೂ ಹಿಂದೆ ಸರಿದರು. ಕುದುರೆ ತಲೆ ಎತ್ತಿತು, ಹುಲುಗಪ್ಪನ ಎರಡು ಬೆರಳು ಅಷ್ಟೇ ಮಿಸುಕಿದವು, ತಲೆ ಕೆಳಗಿಳಿಯಿತು.

ಕೊಟ್ರಯ್ಯ ಧೋತರ ಎಳೆದುಕೊಂಡು ಎದ್ದ. "ಕಂಪ್ಲಿಗೆ ಬಿಡಪ. ಗದ್ದಿ ಬಂದಾಗ ಮಾತ್ರ ಸಾವಕಾಶ."

ಜಟಕಾ ತಿರುವಿನಲ್ಲಿ ಮರೆಯಾದ ಮೇಲೆ ಊರಮ್ಮ ಸುಂಕಮ್ಮನ ಸೆರಗು ಜಗ್ಗಿದಳು. "ಇವತ್ತು ಮತ್ತ ಮಂದಿ ನೋಡ್ಯಾರಲ್ಲವ್ವ. ದೃಷ್ಟಿಗೇನ್ ಮಾಡ್ಲಿ?"

"ಆ ಮುಳ್ಳು ಕಡಿವಾಣ ಐತಲ್ಲ, ಅದನ್ನ ಬಾಗಲ ಮ್ಯಾಲ ಕಟ್ಟು. ಮೆಣಸಿನಕಾಯಿ ಬೇಕಾದಷ್ಟು ಕಟ್ಟು. ಎಲ್ಲಾರ ಕಣ್ಣೂ ಅದರ ಮ್ಯಾಲ ಬೀಳಲಿ."

ಮರುದಿನ ಪಾಲಪ್ಪ ಆ ಓಣಿಯಲ್ಲಿ ಹಾದುಹೋಗುವಾಗ ಉಚ್ಚೆಂಗಪ್ಪ ಹುಲುಗಪ್ಪನ ಬಾಗಿಲಲ್ಲಿ ಕತ್ತೆತ್ತಿ ನಿಂತಿದ್ದ. ಮುಳ್ಳು ಕಡಿವಾಣ ಕಪ್ಪು ದಾರದಲ್ಲಿ ತೂಗುತ್ತಿತ್ತು, ಸುತ್ತ ಏಳು ಕೆಂಪು ಮೆಣಸಿನಕಾಯಿ.

"ಏನ್ ಕಡಿವಾಣಬೇ ಇದು!" ಎನ್ನುತ್ತಿದ್ದ ಉಚ್ಚೆಂಗಪ್ಪ.

ಊರಮ್ಮ ಹೊಸ್ತಿಲ ಮೇಲೆ ಕುಳಿತು, "ನೋಡಪಾ," ಎನ್ನುತ್ತಿದ್ದಳು, "ಕಣ್ತುಂಬ ನೋಡು."